ಪೌರತ್ವದ ಅರ್ಜಿಗೆ ಐದು ವರ್ಷದ ತಯಾರಿ



ಇವತ್ತು ವಿಧಾನಸೌಧದ ಸುದ್ದಿ ಬೇಡ, ದೆಹಲಿ ಸುದ್ದಿಯೂ ಬೇಡ. ಒಂದು ಅರ್ಜಿ ಫಾರಂ ಬಗ್ಗೆ ಮಾತಾಡೋಣ. ಅದರ ಹೆಸರು ಎನ್-400. ಬೇರೆ ದೇಶದಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದವರು ಅಲ್ಲಿನ ಪೌರತ್ವಕ್ಕಾಗಿ ತುಂಬಬೇಕಾದ ಫಾರಂ ಅದು. ಹೀಗೆ ಅರ್ಜಿ ಹಾಕಿ, ಪರೀಕ್ಷೆ ಪಾಸಾಗಿ, ಪ್ರಮಾಣ ಮಾಡಿ ಪಡೆಯೋ ಪೌರತ್ವಕ್ಕೆ ನ್ಯಾಚುರಲೈಸೇಷನ್ ಅಂತಾರೆ.

ಅಮೆರಿಕದ ಫಾರಂ ಕಟ್ಕೊಂಡು ನಮಗೇನಾಗಬೇಕು ಅಂತ ನೀವು ಕೇಳಬಹುದು. ಲೆಕ್ಕ ನೋಡಿ. 2024ರ ಹಣಕಾಸು ವರ್ಷದಲ್ಲಿ ಅಮೆರಿಕ ಸುಮಾರು 8 ಲಕ್ಷದ 18 ಸಾವಿರ ಜನರಿಗೆ ಹೀಗೆ ಪೌರತ್ವ ಕೊಟ್ಟಿತು. ಅದರಲ್ಲಿ ಭಾರತದಲ್ಲಿ ಹುಟ್ಟಿದವರು ಹತ್ತಿರ ಹತ್ತಿರ 50 ಸಾವಿರ. ಮೆಕ್ಸಿಕೊ ಬಿಟ್ಟರೆ ನಾವೇ ಎರಡನೇ ಸ್ಥಾನ. ಇನ್ನು ನಮ್ಮ ವಿದೇಶಾಂಗ ಸಚಿವಾಲಯ ಸಂಸತ್ತಿಗೆ ಕೊಟ್ಟ ಅಂಕಿ ನೋಡಿದರೆ, 2022ರಲ್ಲಿ ಒಟ್ಟು 2,25,620 ಮಂದಿ ಭಾರತದ ಪೌರತ್ವ ಬಿಟ್ಟಿದ್ದಾರೆ. 2023ರಲ್ಲಿ 2,16,219 ಮಂದಿ. ಇದರಲ್ಲಿ ನಮ್ಮ ಜಯನಗರ, ಮಲ್ಲೇಶ್ವರ, ದಾವಣಗೆರೆ, ಹಾಸನ, ಮಂಗಳೂರಿನ ಮಕ್ಕಳು ಇಲ್ಲವೇ? ನಾನು ಎಂಜಿನಿಯರಿಂಗ್ ಓದಿದವನು. ನನ್ನ ಕ್ಲಾಸ್‌ಮೇಟ್‌ಗಳ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅರ್ಧ ಜನ 'ಗುಡ್ ಮಾರ್ನಿಂಗ್' ಹೇಳೋದು ನಮ್ಮ ಸಂಜೆ ಹೊತ್ತಿಗೆ.

ಈ ವಿಷಯ ಬಂದ ಕೂಡಲೇ ಸೋಷಿಯಲ್ ಮೀಡಿಯಾದಲ್ಲಿ ಒಂದು ಜಗಳ ಶುರುವಾಗುತ್ತೆ. "ದೇಶ ಬಿಟ್ಟು ಹೋದವರು" ಅಂತ ಒಬ್ಬರು, "ಇಲ್ಲೇನಿದೆ ಅಂತ ಇರಬೇಕು" ಅಂತ ಇನ್ನೊಬ್ಬರು. ಆ ಜಗಳ ನನಗೆ ಬೇಡ. ಪೌರತ್ವ ತಗೊಳ್ಳೋದು ಬಿಡೋದು ಆ ಮನೆಯವರಿಗೆ ಬಿಟ್ಟಿದ್ದು. ನಾನು ಹೇಳೋದು ಇಷ್ಟೇ: ತಗೊಳ್ಳೋದು ಅಂತ ತೀರ್ಮಾನ ಮಾಡಿದ ಮೇಲೆ ಅದನ್ನು ಸರಿಯಾಗಿ ಮಾಡಿ. ಯಾಕೆಂದರೆ ಈ ಅರ್ಜಿ ತಿರಸ್ಕೃತವಾದರೆ ಹೋಗೋದು ಬರೀ ಫೀಸ್ ಮಾತ್ರ ಅಲ್ಲ. ಕೆಲವು ಸಲ ಕೈಯಲ್ಲಿರೋ ಗ್ರೀನ್ ಕಾರ್ಡಿಗೂ ಸಂಚಕಾರ ಬರುತ್ತೆ.

ಇದು ನಮಗೆ ಸುಲಭವಾಗಿ ಸಿಕ್ಕಿದ ಹಕ್ಕೂ ಅಲ್ಲ. ಭಗತ್ ಸಿಂಗ್ ಥಿಂಡ್ ಅಂತ ಒಬ್ಬರಿದ್ದರು. ನಮ್ಮ ಕ್ರಾಂತಿಕಾರಿ ಭಗತ್ ಸಿಂಗ್ ಅಲ್ಲ, ಇವರು ಬೇರೆ. ಪಂಜಾಬಿನಿಂದ ಅಮೆರಿಕಕ್ಕೆ ಹೋದವರು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ಸಮವಸ್ತ್ರ ತೊಟ್ಟವರು. ಅವರಿಗೆ ಕೊಟ್ಟ ಪೌರತ್ವದ ವಿರುದ್ಧ ಸರ್ಕಾರವೇ ಕೋರ್ಟಿಗೆ ಹೋಯಿತು. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಏನು ಹೇಳಿತು ಗೊತ್ತಾ? ಭಾರತೀಯರು 'ಬಿಳಿಯರು' ಅಲ್ಲ, ಹಾಗಾಗಿ ಅವರು ಪೌರತ್ವಕ್ಕೆ ಅರ್ಹರಲ್ಲ ಅಂತ. ಆ ತೀರ್ಪಿನ ನಂತರ ಅದಾಗಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವ ಕಿತ್ತುಕೊಂಡರು. ಯುದ್ಧದಲ್ಲಿ ಸೇವೆ ಮಾಡಿದವರಿಗಾಗಿ ಮಾಡಿದ ಕಾನೂನಿನ ಅಡಿಯಲ್ಲಿ 1936ರಲ್ಲಿ ಥಿಂಡ್ ಅವರಿಗೆ ಕೊನೆಗೂ ಪೌರತ್ವ ಸಿಕ್ಕಿತು. ಉಳಿದ ಭಾರತೀಯರಿಗೆ ಬಾಗಿಲು ತೆರೆದಿದ್ದು 1946ರ ಲೂಸ್-ಸೆಲ್ಲರ್ ಕಾಯ್ದೆ. ಆ ಕಾಯ್ದೆಯಲ್ಲಿ ಭಾರತದಿಂದ ಹೋಗಿ ನೆಲೆಸುವವರಿಗೆ ಇಟ್ಟ ಕೋಟಾ ವರ್ಷಕ್ಕೆ ಬರೀ 100. ಅದೇ ಕಾಯ್ದೆಯಿಂದಾಗಿ ದಲೀಪ್ ಸಿಂಗ್ ಸೌಂದ್ 1949ರಲ್ಲಿ ಪೌರರಾದರು, 1956ರಲ್ಲಿ ಚುನಾವಣೆ ಗೆದ್ದು ಅಮೆರಿಕದ ಸಂಸತ್ತಿಗೇ ಹೋದರು. ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2022ರಲ್ಲಿ ಮಿಷಿಗನ್‌ನಿಂದ ಗೆದ್ದು ಅದೇ ಸಂಸತ್ತಿಗೆ ಹೋಗಿದ್ದನ್ನು ನಾವೇ ಸುದ್ದಿ ಮಾಡಿದ್ದೇವೆ.

ಸರಿ, ಈಗ ಅರ್ಜಿಗೆ ಬರೋಣ.

ತುಂಬಾ ಜನ ತಿಳಿದುಕೊಂಡಿರೋದು ಹೀಗೆ: ಒಳ್ಳೆ ಲಾಯರ್ ಹಿಡಿಯಬೇಕು, ಪ್ರಶ್ನೋತ್ತರ ಬಾಯಿಪಾಠ ಮಾಡಬೇಕು, ಮುಗೀತು. ಪ್ರಶ್ನೋತ್ತರ ಇಡೀ ಪ್ರಕ್ರಿಯೆಯಲ್ಲಿ ಸುಲಭದ ಭಾಗ. ಎಂಜಿನಿಯರಿಂಗ್ ಓದಿದವರಿಗೆ ಗೊತ್ತಿರುತ್ತೆ, ಲ್ಯಾಬಿನಲ್ಲಿ ಅಬ್ಸರ್ವೇಷನ್ ಬುಕ್ ಅಂತ ಒಂದು, ರೆಕಾರ್ಡ್ ಅಂತ ಇನ್ನೊಂದು. ಪ್ರಯೋಗ ಮಾಡುವಾಗ ಬರೆದಿದ್ದು, ಆಮೇಲೆ ನೀಟಾಗಿ ಬರೆದಿದ್ದು, ಎರಡೂ ತಾಳೆಯಾಗಬೇಕು. ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೇಳ್ತಾರೆ. ಎನ್-400 ಸಂದರ್ಶನವೂ ಅಂಥದ್ದೇ. ಅಧಿಕಾರಿಯ ಮುಂದೆ ನೀವು ತುಂಬಿದ ಫಾರಂ ಇರುತ್ತೆ. ಜೊತೆಗೆ ನಿಮ್ಮ ಹಳೇ ವೀಸಾ ಅರ್ಜಿ, ಗ್ರೀನ್ ಕಾರ್ಡ್ ಅರ್ಜಿ, ಬೆರಳಚ್ಚು, ಎಫ್‌ಬಿಐ ತಪಾಸಣೆಯ ವರದಿ ಎಲ್ಲ ಇರುತ್ತೆ. ಇವೆಲ್ಲ ಒಂದಕ್ಕೊಂದು ತಾಳೆಯಾದರೆ ನಿಮ್ಮದು ಗಟ್ಟಿ ಅರ್ಜಿ.

ಹಾಗಾಗಿ ಅರ್ಜಿಯ ತಯಾರಿ ಶುರುವಾಗೋದು ಗ್ರೀನ್ ಕಾರ್ಡ್ ಕೈಗೆ ಬಂದ ದಿನ. ಅಲ್ಲಿಂದ ಐದು ವರ್ಷದ ಲೆಕ್ಕ. ಅಮೆರಿಕದ ಪೌರರನ್ನು ಮದುವೆಯಾಗಿ ಅವರ ಜೊತೆಯಲ್ಲೇ ಬಾಳುತ್ತಿದ್ದರೆ ಮೂರು ವರ್ಷ. ಗಡುವು ಮುಗಿಯೋಕೆ 90 ದಿನ ಮುಂಚೆಯೇ ಅರ್ಜಿ ಹಾಕಬಹುದು. ಒಂದು ದಿನ ಮೊದಲೇ, ಅಂದರೆ 91ನೇ ದಿನ ಹಾಕಿದರೂ ಅರ್ಜಿ ನಿಲ್ಲಲ್ಲ.

ಇಲ್ಲಿ ನಮ್ಮವರಿಗೆ ಒಂದು ಬೇಜಾರಿನ ವಿಷಯ ಇದೆ. ಎಚ್-1ಬಿ ವೀಸಾದಲ್ಲಿ ಕಳೆದ ಕಾಲ ಈ ಲೆಕ್ಕಕ್ಕೆ ಬರೋದೇ ಇಲ್ಲ. ಉದ್ಯೋಗದ ಮೇಲೆ ಕೊಡೋ ಗ್ರೀನ್ ಕಾರ್ಡಿಗೆ ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿ ಇರೋದರಿಂದ ಭಾರತೀಯರು ವರ್ಷಗಟ್ಟಲೆ ಕ್ಯೂನಲ್ಲಿ ನಿಲ್ತಾರೆ. ಹನ್ನೆರಡು ವರ್ಷ ತೆರಿಗೆ ಕಟ್ಟಿ, ಮನೆ ಕೊಂಡು, ಮಕ್ಕಳನ್ನು ಶಾಲೆಗೆ ಸೇರಿಸಿದ್ದರೂ, ಪೌರತ್ವದ ಗಡಿಯಾರ ಸೊನ್ನೆಯಿಂದ ಶುರುವಾಗೋದು ಗ್ರೀನ್ ಕಾರ್ಡಿನ ತಾರೀಖಿಗೆ. ಆ ತಾರೀಖು ಕಾರ್ಡಿನ ಮೇಲೇ 'ರೆಸಿಡೆಂಟ್ ಸಿನ್ಸ್' ಅಂತ ಅಚ್ಚಾಗಿರುತ್ತೆ. ಮೊದಲು ಅದನ್ನು ನೋಡಿಕೊಳ್ಳಿ.

ಈ ಐದು ವರ್ಷದಲ್ಲಿ ಎರಡು ಲೆಕ್ಕ ಬೇರೆ ಬೇರೆಯಾಗಿ ಇಡಬೇಕು. ಮೊದಲನೆಯದು, ಅಮೆರಿಕದ ನೆಲದ ಮೇಲೆ ಕನಿಷ್ಠ 30 ತಿಂಗಳು ಇದ್ದಿರಬೇಕು. ಎರಡನೆಯದು, ಆ ವಾಸ ಮಧ್ಯದಲ್ಲಿ ಮುರಿಯಬಾರದು. ಒಂದೇ ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ವಾಸ ಮುರಿದಿದೆ ಅಂತಲೇ ಕಾನೂನು ಊಹಿಸಿಕೊಳ್ಳುತ್ತೆ. ಇಲ್ಲ, ಮುರಿದಿಲ್ಲ ಅಂತ ಸಾಬೀತು ಮಾಡೋ ಹೊಣೆ ನಿಮ್ಮದು. ಕೆಲಸ ಅಲ್ಲೇ ಇತ್ತು, ಮನೆ ಬಾಡಿಗೆ ಕಟ್ತಾ ಇದ್ದೆ, ಹೆಂಡತಿ ಮಕ್ಕಳು ಅಲ್ಲೇ ಇದ್ದರು ಅಂತ ದಾಖಲೆ ತೋರಿಸಬೇಕು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಹೊರಗಿದ್ದರೆ ಊಹೆಯ ಪ್ರಶ್ನೆಯೇ ಇಲ್ಲ, ವಾಸ ಮುರಿದೇ ಹೋಯ್ತು. ವಾಪಸ್ ಹೋದ ಮೇಲೆ ಮತ್ತೆ ಕನಿಷ್ಠ ನಾಲ್ಕು ವರ್ಷ ಕಾಯಬೇಕು. "ರೀ-ಎಂಟ್ರಿ ಪರ್ಮಿಟ್ ಮಾಡಿಸಿದ್ದೀನಿ, ಏನೂ ಆಗಲ್ಲ" ಅಂತ ಕೆಲವರು ಧೈರ್ಯವಾಗಿರ್ತಾರೆ. ಆ ಪರ್ಮಿಟ್ ಗ್ರೀನ್ ಕಾರ್ಡಿಗೆ ರಕ್ಷಣೆ ಕೊಡಬಹುದು, ಪೌರತ್ವದ ಗಡಿಯಾರಕ್ಕೆ ಕೊಡಲ್ಲ.

ಈಗ ನಾನು ಮಾತಾಡಬೇಕಾಗಿರೋದು ಇಲ್ಲೇ ಕೂತು ಟಿವಿ ನೋಡ್ತಿರೋ ಅಪ್ಪ ಅಮ್ಮಂದಿರ ಜೊತೆ.

ಅಪ್ಪನಿಗೆ ಬೈಪಾಸ್ ಆಗಿದೆ, ಮಗ ಬರ್ತಾನೆ. ಮೂರು ತಿಂಗಳಿಗೆ ಅಂತ ಬಂದವನನ್ನು "ಇನ್ನೊಂದು ಸ್ವಲ್ಪ ದಿನ ಇದ್ದು ಹೋಗು ಮಗಾ" ಅಂತೀವಿ. ಮಗಳು ಬಾಣಂತನಕ್ಕೆ ಬರ್ತಾಳೆ, "ಮಗುಗೆ ಏಳು ತಿಂಗಳಾಗಲಿ, ಅನ್ನಪ್ರಾಶನ ಮುಗಿಸಿಕೊಂಡೇ ಹೋಗು" ಅಂತೀವಿ. ಆ ಪ್ರೀತಿ ತಪ್ಪಲ್ಲ. ಆದರೆ 180ನೇ ದಿನ ಯಾವತ್ತು ಬರುತ್ತೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಇಟ್ಟುಕೊಳ್ಳಿ. ಆಪತ್ತಿನಲ್ಲಿ ಅದನ್ನು ದಾಟಿ ಇರಲೇಬೇಕಾಗಿ ಬಂದರೆ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಡಾಕ್ಟರ ಪತ್ರ, ಕಂಪನಿ ರಜೆ ಕೊಟ್ಟ ಇಮೇಲ್ ಎಲ್ಲ ಜೋಪಾನವಾಗಿಡಿ. ಮೂರು ವರ್ಷ ಆದ ಮೇಲೆ ಅಧಿಕಾರಿ ಕೇಳೋದು ಅದನ್ನೇ.

ಇನ್ನು ಮಗ ಪೌರನಾದ ಮೇಲೆ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿದ್ದಾನೆ ಅನ್ನಿ. ನಮ್ಮ ಹಿರಿಯರು ಏನು ಮಾಡ್ತಾರೆ? ಚಳಿಗಾಲಕ್ಕೆ ಇಲ್ಲಿಗೆ ಬರ್ತಾರೆ, ಯುಗಾದಿ ಮುಗಿಸ್ತಾರೆ, ಮಾವಿನಕಾಯಿ ಉಪ್ಪಿನಕಾಯಿ ಹಾಕಿ ಮುಗಿಸ್ತಾರೆ, ನೆಂಟರ ಮದುವೆ ಮುಗಿಸ್ತಾರೆ. ವರ್ಷಕ್ಕೆ ಎಂಟು ಒಂಬತ್ತು ತಿಂಗಳು ಇಲ್ಲೇ ಆಗುತ್ತೆ. ಹೀಗಾದರೆ ಪೌರತ್ವದ ಲೆಕ್ಕ ಬಿಡಿ, "ನೀವು ಇಲ್ಲಿ ವಾಸವೇ ಮಾಡ್ತಿಲ್ಲ" ಅಂತ ಗ್ರೀನ್ ಕಾರ್ಡನ್ನೇ ಪ್ರಶ್ನೆ ಮಾಡಬಹುದು. ಊರಲ್ಲೇ ಇರೋ ಮನಸ್ಸಿದ್ದವರಿಗೆ ವಿಸಿಟರ್ ವೀಸಾ ಸಾಕಲ್ಲವೇ ಅಂತ ಮಕ್ಕಳ ಜೊತೆ ಕೂತು ಒಂದು ಸಲ ಯೋಚನೆ ಮಾಡಿ.

ಮುಂದಿನದು ಹೆಸರು. ಇದು ನಮ್ಮ ಕಡೆಯವರಿಗೇ ಇರೋ ಕಷ್ಟ. ನಮ್ಮಲ್ಲಿ ಸರ್‌ನೇಮ್ ಅನ್ನೋದು ಎಲ್ಲರಿಗೂ ಇಲ್ಲ, ಇನಿಷಿಯಲ್ ಇರುತ್ತೆ. ಒಂದು ಅಕ್ಷರ ಊರು, ಒಂದು ಅಕ್ಷರ ಅಪ್ಪ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಡಿಗ್ರಿ ಸರ್ಟಿಫಿಕೇಟಿನಲ್ಲಿ ಮುಂದೆ. ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿಕೊಂಡು ಅಪ್ಪನ ಹೆಸರೇ ಸರ್‌ನೇಮ್ ಆಗಿರುತ್ತೆ. ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ 'ಎಫ್‌ಎನ್‌ಯು' ಅಂತ ಬರುತ್ತೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಮದುವೆಯಾದ ಮೇಲೆ ಹೆಣ್ಣುಮಕ್ಕಳ ಹೆಸರು ಇನ್ನೊಂದು ಸುತ್ತು ಬದಲಾಗುತ್ತೆ. ಎನ್-400ರಲ್ಲಿ ಹುಟ್ಟಿದಾಗಿನಿಂದ ಬಳಸಿದ ಎಲ್ಲ ಹೆಸರನ್ನೂ ಬರೆಯೋಕೆ ಜಾಗ ಇದೆ. ಎಲ್ಲವನ್ನೂ ಬರೀರಿ. ಇನ್ನೊಂದು ಅನುಕೂಲ ಹೇಳ್ತೀನಿ: ಹೆಸರು ಸರಿಮಾಡಿಕೊಳ್ಳಬೇಕು ಅಂತಿದ್ದರೆ ಅದೇ ಫಾರಂನಲ್ಲಿ ಕೇಳಿಕೊಳ್ಳಬಹುದು, ಆಗ ಕೋರ್ಟಿನಲ್ಲಿ ನಡೆಯೋ ಪ್ರಮಾಣವಚನದ ದಿನ ಹೊಸ ಹೆಸರು ಊರ್ಜಿತವಾಗುತ್ತೆ. ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ತಂದ ಮದುವೆ ಸರ್ಟಿಫಿಕೇಟ್, ಜನನ ಪತ್ರ ಕನ್ನಡದಲ್ಲಿದ್ದರೆ ಪೂರ್ತಿ ಇಂಗ್ಲಿಷ್ ಅನುವಾದ ಬೇಕು. ಅನುವಾದ ಮಾಡಿದವರು "ನನಗೆ ಎರಡೂ ಭಾಷೆ ಬರುತ್ತೆ, ಇದು ಸರಿಯಾದ ಅನುವಾದ" ಅಂತ ಬರೆದು ಸಹಿ ಹಾಕಿರಬೇಕು.

ಪ್ರಯಾಣದ ವಿವರವೂ ಹಾಗೇ. ಐದು ವರ್ಷದಲ್ಲಿ 24 ಗಂಟೆಗಿಂತ ಹೆಚ್ಚು ಹೊರಗೆ ಹೋದ ಪ್ರತಿ ಸಲದ್ದೂ ತಾರೀಖು ಬರೀಬೇಕು. ಊರಿಗೆ ಬಂದಿದ್ದು ನೆನಪಿರುತ್ತೆ. ವೀಕೆಂಡಿಗೆ ಅಂತ ಕಾರಿನಲ್ಲಿ ನಯಾಗರದ ಕೆನಡಾ ಕಡೆಗೆ ಹೋಗಿ ರಾತ್ರಿ ಉಳಿದಿದ್ದು ಮರೆತುಹೋಗಿರುತ್ತೆ. ಪಾಸ್‌ಪೋರ್ಟಿನ ಮುದ್ರೆ, ಹಳೇ ಟಿಕೆಟ್‌ಗಳ ಇಮೇಲ್ ಇಟ್ಟುಕೊಂಡು ಒಂದು ಎಕ್ಸೆಲ್ ಶೀಟ್ ಮಾಡಿ. ಹೊರಟ ದಿನ, ತಲುಪಿದ ದಿನ, ಒಟ್ಟು ದಿನ. ಅಮೆರಿಕದಿಂದ ಹೊರಟ ದಿನ ಮತ್ತು ವಾಪಸ್ ಬಂದಿಳಿದ ದಿನ ಎರಡನ್ನೂ ಅಲ್ಲಿದ್ದ ದಿನ ಅಂತಲೇ ಎಣಿಸ್ತಾರೆ. ವರ್ಷದ ಮಧ್ಯೆ ಕ್ಯಾಲಿಫೋರ್ನಿಯಾದಿಂದ ಟೆಕ್ಸಾಸ್‌ಗೆ ಕೆಲಸ ಬದಲಾಯಿಸಿದ್ದರೆ, ಅರ್ಜಿ ಹಾಕೋ ಹೊತ್ತಿಗೆ ಹೊಸ ಜಾಗದಲ್ಲಿ ಮೂರು ತಿಂಗಳು ವಾಸ ಆಗಿರಬೇಕು ಅನ್ನೋದೂ ನೆನಪಿರಲಿ.

ಇನ್ನು ಬರೋದು ಎಲ್ಲಕ್ಕಿಂತ ಸೂಕ್ಷ್ಮವಾದ ಭಾಗ. ಕಾನೂನು ಅದನ್ನು 'ಗುಡ್ ಮಾರಲ್ ಕ್ಯಾರೆಕ್ಟರ್' ಅಂತ ಕರೆಯುತ್ತೆ, ಸಚ್ಚಾರಿತ್ರ್ಯ ಅನ್ನೋಣ. ಫಾರಂನಲ್ಲಿ ಸಾಲು ಸಾಲು ಪ್ರಶ್ನೆಗಳು "ನೀವು ಯಾವತ್ತಾದರೂ" ಅಂತ ಶುರುವಾಗುತ್ತವೆ. ಯಾವತ್ತಾದರೂ ಅರೆಸ್ಟ್ ಆಗಿದ್ದೀರಾ? ಯಾವತ್ತಾದರೂ ಸರ್ಕಾರಿ ಅಧಿಕಾರಿಗೆ ಸುಳ್ಳು ಮಾಹಿತಿ ಕೊಟ್ಟಿದ್ದೀರಾ? ಯಾವತ್ತಾದರೂ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದಿರಾ? ಇಲ್ಲಿ 'ಯಾವತ್ತಾದರೂ' ಅಂದರೆ ಹುಟ್ಟಿದಾಗಿನಿಂದ ಅಂತ. ಇಪ್ಪತ್ತು ವರ್ಷದ ಹಿಂದೆ ಕಾಲೇಜು ಗಲಾಟೆಯಲ್ಲಿ ಸ್ಟೇಷನ್ನಿಗೆ ಕರ್ಕೊಂಡು ಹೋಗಿದ್ದರೂ ಅದು ಉತ್ತರದಲ್ಲಿ ಬರಬೇಕು. ಕೋರ್ಟು ಕೇಸ್ ವಜಾ ಮಾಡಿದ್ದರೂ ಬರಬೇಕು.

ಮುಚ್ಚಿಟ್ಟರೆ ಏನಾಗುತ್ತೆ? 2018ರ ಜನವರಿಯಲ್ಲಿ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯ ಭಾರತ ಮೂಲದ ಒಬ್ಬರ ಪೌರತ್ವವನ್ನೇ ರದ್ದು ಮಾಡಿತು. ಅವರು 1991ರಲ್ಲಿ ದಾಖಲೆ ಇಲ್ಲದೆ ಅಮೆರಿಕದಲ್ಲಿ ಇಳಿದಾಗ ಒಂದು ಹೆಸರು ಹೇಳಿದ್ದರು, ಗಡೀಪಾರು ಆದೇಶ ಆಗಿತ್ತು. ಆಮೇಲೆ ಬೇರೆ ಹೆಸರಿನಲ್ಲಿ ಆಶ್ರಯ ಕೇಳಿದರು, ಮದುವೆಯಾದರು, 2006ರಲ್ಲಿ ಪೌರತ್ವವನ್ನೂ ಪಡೆದರು. ಹಳೇ ಬೆರಳಚ್ಚಿನ ಕಾಗದಗಳನ್ನು ಕಂಪ್ಯೂಟರಿಗೆ ಹಾಕುತ್ತಾ ಹೋದಾಗ ಎರಡೂ ಬೆರಳು ಒಂದೇ ಅಂತ ಗೊತ್ತಾಯಿತು. ಪೌರತ್ವ ಸಿಕ್ಕಿ ಹನ್ನೆರಡು ವರ್ಷ ಆಗುತ್ತಾ ಬಂದಿತ್ತು.

ಇದು ದೊಡ್ಡ ವಂಚನೆಯ ಕೇಸ್. ನಮ್ಮ ಐಟಿ ಹುಡುಗರಿಗೆ ಆಗೋದು ಸಣ್ಣ ಎಡವಟ್ಟುಗಳು. ಉದಾಹರಣೆಗೆ, ಡ್ರೈವಿಂಗ್ ಲೈಸೆನ್ಸ್ ಆಫೀಸಿನಲ್ಲಿ ಫಾರಂ ಜೊತೆಗೇ ವೋಟರ್ ನೋಂದಣಿಯ ಪ್ರಶ್ನೆಯೂ ಇರುತ್ತೆ. ಅವಸರದಲ್ಲಿ ಹೌದು ಅಂತ ಟಿಕ್ ಮಾಡಿದರೆ, ಪೌರರಲ್ಲದವರು "ನಾನು ಪೌರ" ಅಂತ ಸುಳ್ಳು ಹೇಳಿದ ಹಾಗೆ. ಗಡೀಪಾರಿನವರೆಗೂ ಹೋಗೋ ವಿಷಯ ಅದು. ಎರಡನೆಯದು ತೆರಿಗೆ. ಗ್ರೀನ್ ಕಾರ್ಡ್ ಬಂದ ಮೇಲೂ ಯಾವುದೋ ವರ್ಷ 'ನಾನ್ ರೆಸಿಡೆಂಟ್' ಅಂತ ರಿಟರ್ನ್ ಹಾಕಿ ತೆರಿಗೆ ಉಳಿಸಿದರೆ, ಅಲ್ಲಿ ವಾಸವಿಲ್ಲ ಅಂತ ನೀವೇ ಬರೆದುಕೊಟ್ಟ ಹಾಗಾಯ್ತು. ಮೂರನೆಯದು ಗಂಡುಮಕ್ಕಳಿಗೆ. 18ರಿಂದ 26 ವಯಸ್ಸಿನ ನಡುವೆ ಗ್ರೀನ್ ಕಾರ್ಡ್ ಇದ್ದವರು 'ಸೆಲೆಕ್ಟಿವ್ ಸರ್ವಿಸ್' ಅನ್ನೋ ಸೇನಾ ಪಟ್ಟಿಯಲ್ಲಿ ಹೆಸರು ನೋಂದಾಯಿಸಬೇಕು. ಅಪ್ಪನ ಎಚ್-1ಬಿ ಜೊತೆ ಹೋಗಿ ಹತ್ತೊಂಬತ್ತಕ್ಕೆ ಗ್ರೀನ್ ಕಾರ್ಡ್ ಸಿಕ್ಕಿದ ಹುಡುಗನಿಗೆ ಇದನ್ನು ಯಾರೂ ಹೇಳಿರೋದೇ ಇಲ್ಲ. ನಾಲ್ಕನೆಯದು ಕುಡಿದು ಗಾಡಿ ಓಡಿಸೋದು. ಐದು ವರ್ಷದ ಅವಧಿಯಲ್ಲಿ ಎರಡು ಸಲ ಶಿಕ್ಷೆಯಾಗಿದ್ದರೆ ಸಚ್ಚಾರಿತ್ರ್ಯ ಇಲ್ಲ ಅಂತಲೇ ಭಾವಿಸ್ತಾರೆ.

ಇಂಥದ್ದು ಏನಾದರೂ ಇದ್ದರೆ, ಆಗ ಮಾತ್ರ ಲಾಯರ್ ಖಂಡಿತ ಬೇಕು, ಅದೂ ಅರ್ಜಿ ಹಾಕೋಕೆ ಮುಂಚೆ. ಸಂದರ್ಶನದಲ್ಲಿ ಸಿಕ್ಕಿಬಿದ್ದ ಮೇಲೆ ಅಲ್ಲ. ವಲಸೆ ವಿಷಯದಲ್ಲಿ ಕಾನೂನು ಸಲಹೆ ಕೊಡೋ ಅಧಿಕಾರ ಇರೋದು ವಕೀಲರಿಗೆ ಮತ್ತು ಅಲ್ಲಿನ ನ್ಯಾಯ ಇಲಾಖೆ ಮಾನ್ಯತೆ ಕೊಟ್ಟ ಪ್ರತಿನಿಧಿಗಳಿಗೆ. "ಎಲ್ಲ ನಾನು ನೋಡ್ಕೋತೀನಿ" ಅನ್ನೋ ಏಜೆಂಟರಿಗಲ್ಲ. ಏನೂ ತೊಡಕಿಲ್ಲದವರು ಫಾರಂ ತಾವೇ ತುಂಬಬಹುದು. ಫಾರಂಗೆ ದುಡ್ಡಿಲ್ಲ, ಅರ್ಜಿ ಸಲ್ಲಿಸೋಕೆ ಇದೆ. 2024ರ ಏಪ್ರಿಲ್‌ನಿಂದ ಆನ್‌ಲೈನ್ ಅರ್ಜಿಗೆ 710 ಡಾಲರ್, ಕಾಗದದಲ್ಲಿ ಕಳಿಸಿದರೆ 760.

2025ರ ಆಗಸ್ಟ್‌ನಲ್ಲಿ ಪೌರತ್ವ ಇಲಾಖೆ ತನ್ನ ಅಧಿಕಾರಿಗಳಿಗೆ ಇನ್ನೊಂದು ಸೂಚನೆ ಕೊಟ್ಟಿದೆ. ಬರೀ ಅಪರಾಧ ಇಲ್ಲ ಅಂದರೆ ಸಾಲದು, ಒಳ್ಳೆಯದು ಏನು ಮಾಡಿದ್ದಾರೆ ಅನ್ನೋದನ್ನೂ ನೋಡಿ ಅಂತ. ಕುಟುಂಬದ ಹೊಣೆ, ಓದು, ನಿಯತ್ತಿನ ದುಡಿಮೆ, ಕಟ್ಟಿದ ತೆರಿಗೆ, ಊರಿನ ಜನಕ್ಕೆ ಮಾಡಿದ ಸೇವೆ. ನಮ್ಮವರು ಇದನ್ನೆಲ್ಲ ಮಾಡೇ ಮಾಡ್ತಾರೆ, ದಾಖಲೆ ಇಡಲ್ಲ. ಭಾನುವಾರ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಅ ಆ ಇ ಈ ಕಲಿಸ್ತೀರಾ? ಮಗಳ ಶಾಲೆಯಲ್ಲಿ ಸ್ವಯಂಸೇವಕರಾಗಿದ್ದೀರಾ? ದೇವಸ್ಥಾನದ ಅನ್ನದಾನದಲ್ಲಿ ಬಡಿಸ್ತೀರಾ? ಒಂದು ಪತ್ರ ಬರೆಸಿ ಇಟ್ಟುಕೊಳ್ಳಿ.

ಈಗ ಪರೀಕ್ಷೆ. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಹೊಸ ಪರೀಕ್ಷೆ. 128 ಪ್ರಶ್ನೆಗಳ ಪಟ್ಟಿ, ಅದರಲ್ಲಿ 20 ಕೇಳ್ತಾರೆ, 12 ಸರಿಯಾಗಿರಬೇಕು. ಹಿಂದೆ 100ರಲ್ಲಿ 10 ಕೇಳಿ 6 ಸರಿ ಬಂದರೆ ಸಾಕಿತ್ತು. ಪ್ರಶ್ನೆ, ಉತ್ತರ ಎರಡೂ ಇಲಾಖೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತೆ. ಇದರ ಜೊತೆ ಇಂಗ್ಲಿಷ್: ಮೂರು ವಾಕ್ಯದಲ್ಲಿ ಒಂದು ಸರಿಯಾಗಿ ಓದಬೇಕು, ಮೂರರಲ್ಲಿ ಒಂದು ಸರಿಯಾಗಿ ಬರೀಬೇಕು. ಒಂದು ಸಲ ಫೇಲಾದರೆ 60ರಿಂದ 90 ದಿನದೊಳಗೆ ಇನ್ನೊಂದು ಅವಕಾಶ ಇದೆ.

ಇದನ್ನು ಕನ್ನಡದಲ್ಲೇ ಮುಗಿಸಬಹುದಾ? ಮುಗಿಸಬಹುದು. 50 ವರ್ಷ ದಾಟಿ, ಗ್ರೀನ್ ಕಾರ್ಡ್ ಬಂದು 20 ವರ್ಷ ಆಗಿದ್ದರೆ, ಅಥವಾ 55 ದಾಟಿ 15 ವರ್ಷ ಆಗಿದ್ದರೆ ಇಂಗ್ಲಿಷ್ ಪರೀಕ್ಷೆ ಇಲ್ಲ. ದುಭಾಷಿಯನ್ನು ಕರ್ಕೊಂಡು ಹೋಗಿ ಕನ್ನಡದಲ್ಲೇ ಉತ್ತರ ಹೇಳಬಹುದು. 65 ದಾಟಿ 20 ವರ್ಷ ಆದವರಿಗೆ ಬರೀ 20 ಪ್ರಶ್ನೆಗಳ ಪಟ್ಟಿ. ಆದರೆ ಲೆಕ್ಕ ಸರಿಯಾಗಿ ಹಾಕಿ. 62ನೇ ವಯಸ್ಸಿಗೆ ಗ್ರೀನ್ ಕಾರ್ಡ್ ಪಡೆದ ಅಮ್ಮನಿಗೆ ಈ ರಿಯಾಯಿತಿ ಸಿಗೋದು 77ಕ್ಕೆ. ಅದಕ್ಕೆ ಮುಂಚೆ ಬೇಕು ಅಂದರೆ ಇಂಗ್ಲಿಷ್ ಕಲಿಯಬೇಕು. ಮರೆವಿನ ಕಾಯಿಲೆಯಂಥ ವೈದ್ಯಕೀಯ ಕಾರಣ ಇದ್ದರೆ ಡಾಕ್ಟರು ಎನ್-648 ಅನ್ನೋ ಫಾರಂ ತುಂಬಿಕೊಡಬೇಕು. ಭಾಷೆಯ ಈ ನಿಯಮ ನೋಡಿ ಯಾರೂ ಬೇಜಾರಾಗಬೇಡಿ. ನಮ್ಮ 1955ರ ಪೌರತ್ವ ಕಾಯ್ದೆಯಲ್ಲೂ, ಪರದೇಶದವರು ಹೀಗೆ ಭಾರತದ ಪೌರರಾಗಬೇಕಾದರೆ ಸಂವಿಧಾನದ ಎಂಟನೇ ಶೆಡ್ಯೂಲಿನ ಒಂದು ಭಾಷೆ ಬರಬೇಕು ಅಂತ ಇದೆ. ಆ ಪಟ್ಟಿಯಲ್ಲಿ ಕನ್ನಡವೂ ಇದೆ.

ಕೊನೆಗೆ, ಅರ್ಜಿ ಮಂಜೂರಾದ ಮೇಲೆ ಬರೋ ಮಾತು. ಪ್ರಮಾಣವಚನ ತಗೊಂಡ ಆ ಕ್ಷಣವೇ ನಿಮ್ಮ ಭಾರತದ ಪೌರತ್ವ ಮುಗೀತು. ನೀವು ಪತ್ರ ಬರೆದು ಬಿಟ್ಟುಕೊಡಬೇಕಾಗಿಲ್ಲ, ನಮ್ಮ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ತಾನಾಗಿಯೇ ಹೋಗುತ್ತೆ. ಅಮೆರಿಕ ಎರಡು ಪೌರತ್ವಕ್ಕೆ ಅಡ್ಡಿ ಮಾಡಲ್ಲ, ಭಾರತ ಒಪ್ಪಲ್ಲ. ಆ ಮೇಲೆ ಭಾರತದ ಪಾಸ್‌ಪೋರ್ಟಿನಲ್ಲಿ ಒಂದು ಸಲವೂ ಪ್ರಯಾಣ ಮಾಡಬೇಡಿ. ಅದನ್ನು ಒಪ್ಪಿಸಿ, ಸರೆಂಡರ್ ಸರ್ಟಿಫಿಕೇಟ್ ತಗೊಂಡು, ಓಸಿಐ ಕಾರ್ಡಿಗೆ ಅರ್ಜಿ ಹಾಕಿ. ತಂದೆ ತಾಯಿಗೆ ಹುಷಾರಿಲ್ಲ ಅಂತ ರಾತ್ರೋರಾತ್ರಿ ಹೊರಡಬೇಕಾದಾಗ ಆ ಕಾರ್ಡ್ ಇಲ್ಲದಿದ್ದರೆ ವೀಸಾಕ್ಕೆ ಓಡಾಡಬೇಕಾಗುತ್ತೆ. ಹಾಗಾಗಿ ಪ್ರಮಾಣವಚನದ ತಾರೀಖಿಗೂ ಊರಿನ ಟಿಕೆಟ್ಟಿಗೂ ನಡುವೆ ಸಾಕಷ್ಟು ಅಂತರ ಇಡಿ.

ಓಸಿಐ ಅಂದರೆ ಪೌರತ್ವ ಅಲ್ಲ. ಓಡಾಡಬಹುದು, ಇರಬಹುದು, ಖಾಸಗಿ ಕೆಲಸ ಮಾಡಬಹುದು. ವೋಟು ಇಲ್ಲ. ಊರಿನ ಪಟ್ಟಿಯಲ್ಲಿ ಇನ್ನೂ ಹೆಸರಿದೆ ಅಂತ ಬಂದು ವೋಟ್ ಹಾಕಿದರೆ ಅಪರಾಧ. ಮುಖ್ಯವಾದ ಇನ್ನೊಂದು ಮಾತು ಮಲೆನಾಡಿನವರಿಗೆ, ಬಯಲುಸೀಮೆಯವರಿಗೆ: ಕೃಷಿ ಜಮೀನು, ಕಾಫಿ ತೋಟ, ಫಾರ್ಮ್‌ಹೌಸ್ ಕೊಂಡುಕೊಳ್ಳೋ ಹಾಗಿಲ್ಲ. ಅಪ್ಪನ ಆಸ್ತಿ ವಾರಸುದಾರಿಕೆಯಲ್ಲಿ ಬರಬಹುದು, ಹೊಸದಾಗಿ ಖರೀದಿ ಆಗಲ್ಲ. "ರಿಟೈರ್ ಆದ ಮೇಲೆ ಸಕಲೇಶಪುರದ ಕಡೆ ನಾಲ್ಕು ಎಕರೆ ತೋಟ ಮಾಡ್ಕೋತೀನಿ" ಅನ್ನೋ ಕನಸಿದ್ದರೆ, ಅದನ್ನು ಎನ್-400 ತುಂಬೋಕೆ ಮುಂಚೆ ಮನೆಯಲ್ಲಿ ಮಾತಾಡಿ. ಅಣ್ಣ ತಮ್ಮಂದಿರ ನಡುವೆ ಭಾಗ ಆಗಬೇಕಾಗಿದ್ದರೆ, ಪಹಣಿಯಲ್ಲಿ ಹೆಸರು ಸರಿ ಆಗಬೇಕಾಗಿದ್ದರೆ, ಅದನ್ನೂ ಮೊದಲು ಮುಗಿಸಿ.

ಪೌರತ್ವ ಅಂದರೆ ಅಮೆರಿಕದಲ್ಲಿರೋ ಒಬ್ಬರ ವಿಷಯ ಅಂದುಕೊಳ್ತೀವಿ. ಆದರೆ ಅವರು ಎಷ್ಟು ದಿನ ಊರಲ್ಲಿ ಇರ್ತಾರೆ, ಅಪ್ಪ ಅಮ್ಮ ಎಲ್ಲಿ ವಾಸ ಮಾಡ್ತಾರೆ, ಜಮೀನು ಯಾರ ಹೆಸರಿನಲ್ಲಿರುತ್ತೆ, ಇದೆಲ್ಲ ಅದರ ಜೊತೆಗೇ ತೀರ್ಮಾನ ಆಗುತ್ತೆ. ಅದಕ್ಕೇ ಈ ತಯಾರಿಯಲ್ಲಿ ಇಲ್ಲಿರೋ ಮನೆಯವರಿಗೂ ಪಾಲಿದೆ.

ಇವತ್ತು ರಾತ್ರಿ ಮಗನಿಗೋ ಮಗಳಿಗೋ ವಿಡಿಯೊ ಕಾಲ್ ಮಾಡ್ತೀರಲ್ಲ, ಊಟ ಆಯ್ತಾ ಅಂತ ಕೇಳಿದ ಮೇಲೆ ಇನ್ನೆರಡು ಪ್ರಶ್ನೆ ಕೇಳಿ. ಗ್ರೀನ್ ಕಾರ್ಡ್ ಬಂದಿದ್ದು ಯಾವ ತಾರೀಖು? ಅಲ್ಲಿಂದ ಇಲ್ಲಿವರೆಗೆ ಹೊರಗಿದ್ದ ದಿನ ಎಷ್ಟು? ಥಟ್ಟಂತ ಉತ್ತರ ಬಂದರೆ ಸಂತೋಷ. ಬರದಿದ್ದರೆ ಎಕ್ಸೆಲ್ ಶೀಟ್ ಇವತ್ತೇ ಶುರುಮಾಡೋಕೆ ಹೇಳಿ.